ಎದ್ದು ಹೋಗಿ ಮತ್ತೆ ಬಾ

ಆಗಸ್ಟ್ ೧೮

ಮಗಳೇ ಬಾಬಿನ್,

ಫೋನಿನಲ್ಲಿ ನಿನ್ನಮ್ಮ ಮಾತು ಮುಗಿಸಿ ನನ್ನ ಕೈಗೆ ಕೊಡುವ ಹೊತ್ತಿಗೆ ನನ್ನ ಪಾಲಿಗೆ ಉಳಿಯುವುದು ‘ಊಟ ಆಯ್ತಾ’ ಎಂಬ ಪ್ರಶ್ನೆಯೊಂದೇ. ಅದನ್ನೂ ಅವಳು ಆಗಲೇ ಕೇಳಿ ಉತ್ತರ ಪಡೆದಿರುತ್ತಾಳೆ. ಮೇಲಾಗಿ ಹೊಲಿಗೆ ಯಂತ್ರಗಳ ಸದ್ದಿನಲ್ಲೇ ಸವೆದ ನನ್ನ ಕಿವಿಗೆ ನಿನ್ನ ದನಿ ಅರ್ಧಂಬರ್ಧ ಕೇಳಿಸುತ್ತದೆ. ಅದಕ್ಕೇ ಈ ಕಾಗದ. ತಲುಪುವುದು ತಡವಾದರೂ ಚಿಂತೆಯಿಲ್ಲ, ನಡುವೆ ಯಾರೂ ಕಿತ್ತುಕೊಳ್ಳುವುದಿಲ್ಲ.

ನಡುಮನೆಯ ಮೇಜು ಇನ್ನೂ ನಡುಮನೆಯಲ್ಲೇ ಇದೆ. ನಿನ್ನ ವೀಸಾ ಸಂದರ್ಶನದ ತಾಲೀಮಿಗೆಂದು ಗೋಡೆಯಿಂದ ಎಳೆದದ್ದನ್ನು ವಾಪಸ್ ತಳ್ಳಲು ನಮ್ಮಿಬ್ಬರಿಗೂ ಕೈ ಬಂದಿಲ್ಲ. ಆಚೆ ಕುರ್ಚಿಯಲ್ಲಿ ನಾನು ಅಧಿಕಾರಿ, ಈಚೆ ನೀನು. ನಿನ್ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ‘ಸ್ವಲ್ಪ ನಗ್ತಾ ಕೇಳ್ರೀ, ಮಗು ಹೆದರ್ಕೊಳ್ಳುತ್ತೆ’ ಎನ್ನುವುದು. ‘ಆ ಆಫೀಸರ್ ಏನು ನಿನ್ನ ತಮ್ಮನಾ, ಯಾವಾಗ್ಲೂ ಹಲ್ಲು ಕಿರೀತಾ ಕೂರೋಕೆ’ ಎಂದು ನಾನು ರೇಗುವುದು. ನೆನಪಿದೆಯಲ್ಲ, ‘ಓದು ಮುಗಿದ ಮೇಲೆ ವಾಪಸ್ ಬರ್ತೀಯಾ?’ ಎಂಬ ಪ್ರಶ್ನೆಗೆ ಮೊದಲ ದಿನ ನಿನ್ನ ಬಾಯಿಂದ ಬಂದದ್ದು ‘ಗೊತ್ತಿಲ್ಲ’. ‘ಎದ್ದು ಹೋಗಿ ಮತ್ತೆ ಬಾ’ ಎಂದು ನಿನ್ನನ್ನು ಹೊರಗೆ ಕಳಿಸಿದೆ. ನೀನು ಬೀದಿ ಬಾಗಿಲು ದಾಟಿ, ಚಪ್ಪಲಿ ಮೆಟ್ಟಿ, ಬಿಚ್ಚಿ, ಒಳಗೆ ಬಂದು ಮೊದಲಿನಿಂದ ಕೂರಬೇಕು. ಎದುರು ಮನೆಯವರು ನಾವು ನಿನ್ನನ್ನು ಮನೆಯಿಂದ ಹೊರಗೆ ಹಾಕುತ್ತಿದ್ದೇವೆ ಎಂದೇ ತಿಳಿದಿದ್ದರು.

ಆ ವೀಸಾ ಕನ್ಸಲ್ಟೆಂಟ್ ಮಹಾಶಯ ಕಾಲ ಮೇಲೆ ಕಾಲು ಹಾಕಿಕೊಂಡು, ‘ಆಫೀಸರಿಗೆ ನೀವು ವಾಪಸ್ ಬರೋದಕ್ಕೆ ಒಂದು ಕಾರಣ ಬೇಕು. ಮನೇಲಿ ಏನಿದೆ? ಹೊಲಿಗೆ ಮೆಷಿನ್ ರಿಪೇರಿ ಅಂಗಡಿನಾ? ಸಾಕು. ಬಂದು ಅಪ್ಪನ ಅಂಗಡಿ ನಡೆಸ್ತೀನಿ ಅನ್ನಿ’ ಎಂದಾಗ ಅದು ಕಟ್ಟುಕತೆ ಎಂದು ನನಗೂ ಗೊತ್ತಿತ್ತು. ಆದರೆ ಕೊನೆಕೊನೆಗೆ ನೀನು ಮೂರು ಊರಲ್ಲಿ ಮೂರು ಶಾಖೆ ತೆರೆಯುತ್ತೇನೆ, ಮನೆಮನೆಗೆ ಹೋಗಿ ಯಂತ್ರ ನೋಡುವ ಮೆಕ್ಯಾನಿಕ್‌ಗಳನ್ನು ಇಟ್ಟುಕೊಳ್ಳುತ್ತೇನೆ ಎಂದು ಹೇಳಿದ ಧಾಟಿಯಲ್ಲಿ ಕಟ್ಟಿದ್ದು ಯಾವುದೂ ನನಗೆ ಕಾಣಲಿಲ್ಲ. ಹೇಳಿ ಹೇಳಿ ನಿನ್ನ ಮನಸ್ಸೂ ಒಪ್ಪಿದೆ ಎನ್ನಿಸಿತು.

ಅಂಗಡಿಯಲ್ಲಿ ತುಕ್ಕು ಹಿಡಿದ ಬಿಡಿಭಾಗಗಳ ಕಪಾಟನ್ನು ಗುಜರಿಗೆ ಹಾಕಿದೆ. ಕಿಟಕಿಯ ಪಕ್ಕ ಜಾಗವಾಯಿತು. ಅಲ್ಲಿ ನಿನಗೆಂದು ಬೆನ್ನಿರುವ ಕುರ್ಚಿ ಇಟ್ಟಿದ್ದೇನೆ. ನನ್ನ ಹಾಗೆ ಸ್ಟೂಲಿನ ಮೇಲೆ ಕೂತು ನಿನ್ನ ಸೊಂಟ ಹೋಗುವುದು ಬೇಡ.

ಇಂತಿ,
ಅಪ್ಪ

(ಮೇಜು ಅಲ್ಲೇ ಇರಲಿ ಎಂದವರು ಇವರು, ನಾನಲ್ಲ. ದಿನಾ ಮೊಣಕಾಲಿಗೆ ಬಡಿಯುತ್ತದೆ. – ಅಮ್ಮ)

&nbsp;

ಸೆಪ್ಟೆಂಬರ್ ೧೪

ಅಪ್ಪ,

ಕಾಗದ ಸಿಕ್ಕಿತು. ಲಕೋಟೆಗೂ ಮೆಷಿನ್ ಎಣ್ಣೆಯ ವಾಸನೆ ಇತ್ತು. ಕೋಣೆಯವರಿಬ್ಬರೂ ಮೂಸಿ ನೋಡಿದರು. ಬಾಬಿನ್ ಎಂದರೆ ಮೆಷಿನ್ನಿನಲ್ಲಿ ನೂಲು ಸುತ್ತುವ ಪುಟ್ಟ ಉರುಳೆ, ಅಪ್ಪ ನನಗಿಟ್ಟ ಮುದ್ದಿನ ಹೆಸರು ಎಂದು ಅವರಿಗೆ ವಿವರಿಸಬೇಕಾಯಿತು.

ಇವರಲ್ಲಿ ಒಬ್ಬಳು ಫಿಸಿಯೋಥೆರಪಿ ಓದಿದವಳು, ಅವಳನ್ನು ಡಾಕ್ಟರಮ್ಮ ಎನ್ನುತ್ತೇವೆ. ಇನ್ನೊಬ್ಬಳು ಕಾನೂನು ಮುಗಿಸಿದವಳು, ಅವಳು ವಕೀಲೆ. ಮೂರು ಮಂಚ, ಒಂದು ಕಿಟಕಿ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ ಕೈಗೆ ಸಿಗುತ್ತದೆ. ಕಾಲೇಜು ಒಂದು ಚಪ್ಪಲಿ ಅಂಗಡಿಯ ಮೇಲಿನ ಮಹಡಿಗಳಲ್ಲಿದೆ. ಮೆಟ್ಟಿಲು ಹತ್ತುವಾಗ ಹೊಸ ರಬ್ಬರಿನ ವಾಸನೆ, ಮೇಲೆ ಹೋದರೆ ಹೊಸ ಕಾರ್ಪೆಟ್ಟಿನ ವಾಸನೆ. ವಾರಕ್ಕೆ ಎರಡು ದಿನ ತರಗತಿ, ಉಳಿದ ದಿನ ಪ್ರಾಕ್ಟಿಕಲ್. ಸರಕು ಎಲ್ಲಿಂದ ಎಲ್ಲಿಗೆ ಹೇಗೆ ಹೋಗುತ್ತದೆ ಎಂಬುದನ್ನು ಕಣ್ಣಾರೆ ನೋಡಿ ಕಲಿಯುತ್ತಿದ್ದೇನೆ ಎಂದುಕೊಳ್ಳಿ.

ಕುರ್ಚಿಗೆ ಇಷ್ಟು ಅವಸರ ಏನಿತ್ತು? ನೀವು ಅದರಲ್ಲಿ ಕೂತು ಸ್ವಲ್ಪ ಬೆನ್ನು ಒರಗಿಸಿ. ಅಮ್ಮನ ಮೊಣಕಾಲಿಗೆ ಏನಾದರೂ ಹಚ್ಚಿ, ಮೇಜನ್ನೂ ಸರಿಸಿ.

ನಿಮ್ಮ
ಬಾಬಿನ್

&nbsp;

ನವೆಂಬರ್ ೫

ಬಾಬಿನ್,

ನಿನ್ನ ಕಾಗದ ಚಿಕ್ಕದಾಯಿತು. ಪ್ರಾಕ್ಟಿಕಲ್ ಜಾಸ್ತಿ ಇರಬೇಕು.

ಇಲ್ಲೊಂದು ಸಮಾಚಾರ. ನಿನ್ನ ಮಾಮನ ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಬೀಗ ಬಿತ್ತು. ಅಷ್ಟು ವರ್ಷ ಅಲ್ಲಿ ಲೈನ್ ಮೆಕ್ಯಾನಿಕ್ ಆಗಿದ್ದವನಿಗೆ ಒಂದು ಬೆಳಗ್ಗೆ ಗೇಟು ತೆರೆಯಲಿಲ್ಲ. ಆದರೂ ಅವನ ನಗು ಹೋಗಿಲ್ಲ. ಮೊನ್ನೆ ಅಂಗಡಿಗೆ ಬಂದು, ‘ಭಾವ, ನಿಮಗೂ ವಯಸ್ಸಾಯ್ತು, ನಂಗೂ ಕೆಲಸ ಹೋಯ್ತು. ಜಾತಕ ಕೂಡಿದೆ. ಅಂಗಡಿ ನಂಗೆ ಬಿಟ್ಟುಕೊಡಿ, ನೀವು ಬಂದು ಹೋಗ್ತಾ ಇರಿ’ ಎಂದ. ಕೆಲಸಗಾರ ಒಳ್ಳೆಯವನೇ, ಇಲ್ಲ ಎನ್ನುವುದಿಲ್ಲ. ಆದರೆ ‘ಅದು ನನ್ನ ಮಗಳ ಜಾಗ ಕಣೋ’ ಎಂದೆ. ಅವನು ಹೋಗಿ ನೇರವಾಗಿ ನಿನ್ನ ಕುರ್ಚಿಯಲ್ಲೇ ಕೂತ. ಎಬ್ಬಿಸಿದೆ.

ಬೋರ್ಡು ಬರೆಯುವವನಿಗೆ ಹೇಳಿದ್ದೇನೆ. ‘ಹೊಲಿಗೆ ಯಂತ್ರ ಮಾರಾಟ ಮತ್ತು ಸೇವೆ – ಅಪ್ಪ ಮತ್ತು ಮಗಳು’. ಹೇಗಿದೆ? ಎಲ್ಲೆಲ್ಲೂ ‘ಮತ್ತು ಮಗ’ ಎಂದೇ ಬರೆದು ಅಭ್ಯಾಸವಾಗಿ, ಅವನು ಎರಡು ಸಲ ಕೇಳಿಕೊಂಡ.

ಇತ್ತೀಚೆಗೆ ಸೂಜಿಯ ಕಣ್ಣನ್ನು ಬಹಳ ಸಣ್ಣದಾಗಿ ಮಾಡುತ್ತಿದ್ದಾರೆ. ಕಂಪನಿಯವರಿಗೆ ಅದರಲ್ಲೂ ಉಳಿತಾಯ.

ಅಪ್ಪ

(ಸೂಜಿ ಮೊದಲಿನಷ್ಟೇ ಇದೆ. ಕೈ ನಡುಗುತ್ತದೆ. ನಾನು ಹೇಳಿದೆ ಎಂದು ಹೇಳಬೇಡ. – ಅಮ್ಮ)

&nbsp;

ಡಿಸೆಂಬರ್ ೯

ಅಪ್ಪ,

ಬೋರ್ಡು ಈಗಲೇ ಬೇಡ. ಬಣ್ಣ ಹಾಳಾಗುತ್ತದೆ. ನಾನು ಬರುವುದಕ್ಕೆ ಇನ್ನೂ ಬಹಳ ಸಮಯವಿದೆ, ಅಷ್ಟರವರೆಗೆ ಮಾಮ ಕೂತರೆ ತಪ್ಪೇನು?

ಕೈಗೆ ಡಾಕ್ಟರರನ್ನು ಕಾಣಿ. ಅಮ್ಮ ಏನೂ ಹೇಳಿಲ್ಲ, ನಾನೇ ಊಹಿಸಿದೆ.

ಪರೀಕ್ಷೆ ಹತ್ತಿರ ಬಂತು. ಹೆಚ್ಚು ಬರೆಯಲಾಗುತ್ತಿಲ್ಲ.

ಬಾಬಿನ್

&nbsp;

ಜನವರಿ ೨೧

ಮುದ್ದು ಸೊಸೆಯೇ,

ನಾನು ಕಾಗದ ಬರೆದದ್ದು ಕೊನೆಗೆ ಯಾವಾಗ ಎಂದು ನೆನಪಿಲ್ಲ. ಬಹುಶಃ ನಿನ್ನತ್ತೆಗೆ, ಮದುವೆಗೆ ಮುಂಚೆ. ಅದಕ್ಕೆ ಉತ್ತರ ಬರಲಿಲ್ಲ, ಅವಳೇ ಬಂದಳು. ಇದಕ್ಕೆ ಮಾತ್ರ ಉತ್ತರ ಬೇಕು, ಬೇಗ ಬೇಕು.

ನಿನ್ನಪ್ಪನ ಬಾಗಿಲನ್ನು ನಾನು ಮೂರು ಸಲ ತಟ್ಟಿದೆ. ಅಂಗಡಿ ಕೊಡಿ ಎಂದೆ, ಇಲ್ಲ. ಪಾಲುದಾರ ಮಾಡಿಕೊಳ್ಳಿ ಎಂದೆ, ಇಲ್ಲ. ಕೊನೆಗೆ ‘ಅವಳು ಬರೋವರೆಗೂ ಸುಮ್ನೆ ಕೂತಿರ್ತೀನಿ, ಬಂದ ದಿನ ಎದ್ದು ಹೋಗ್ತೀನಿ’ ಎಂದೆ. ಅದಕ್ಕೆ ಅವರ ಉತ್ತರ ಕೇಳು: ‘ಅವಳ ಕುರ್ಚೀಲಿ ಬೇರೆಯವರು ಕೂತ್ರೆ ಅವಳು ಬರೋಲ್ಲ.’ ಜೀವಮಾನವಿಡೀ ಸ್ಕ್ರೂ, ಸ್ಪ್ರಿಂಗು ಬಿಟ್ಟು ಬೇರೇನನ್ನೂ ನಂಬದ ಮನುಷ್ಯ ಹೀಗೆ ಅಂದರೆ ನಾನು ಏನು ಹೇಳಲಿ.

ಹೋದ ವಾರ ಒಬ್ಬ ಟೈಲರಮ್ಮ ಮೆಷಿನ್ ಹೊತ್ತುಕೊಂಡು ವಾಪಸ್ ಬಂದಳು. ಭಾವ ರಿಪೇರಿ ಮಾಡಿ ಕಳಿಸಿದ್ದು ಮರುದಿನವೇ ನೂಲು ಕಡಿಯತೊಡಗಿತ್ತು. ಅವಳು ಬೈಯಲಿಲ್ಲ. ‘ಮೇಷ್ಟ್ರೇ, ನಿಮ್ಮ ಕೈಯಿಂದ ಹೀಗಾಗೋಲ್ಲ, ನೂಲೇ ಸರಿ ಇಲ್ಲ ಅನ್ಸುತ್ತೆ’ ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಭಾವ ಅಂಗಡಿ ಬಾಗಿಲು ಹಾಕಿ ಮನೆಗೆ ಹೋದರು.

ನನಗೆ ಬೇರೆ ಊರಿನ ಫ್ಯಾಕ್ಟರಿಯಲ್ಲಿ ಕೆಲಸ ಸಿಗುವಂತಿದೆ. ಮಾರ್ಚಿ ಮೊದಲ ವಾರ ಹೊರಡಬೇಕು. ಹೋದರೆ ಮತ್ತೆ ಬರುವುದು ಕಷ್ಟ, ನನಗೂ ಇನ್ನೇನು ಹದಿನೆಂಟಲ್ಲ. ನಾನು ಹೋದ ಮೇಲೆ ಭಾವನ ಅಂಗಡಿ ಹೆಚ್ಚು ದಿನ ನಡೆಯುವುದಿಲ್ಲ. ಅಂಗಡಿ ಹೋದರೆ ಅವರು ಏನಾಗುತ್ತಾರೆ ಎಂದು ನಿನಗೇ ಗೊತ್ತು.

ನೀನು ಬರುತ್ತೀಯಾ, ಇಲ್ಲವಾ? ನನಗಲ್ಲ, ಅವರಿಗೆ ಹೇಳು. ಬೈಯುತ್ತಿದ್ದೇನೆ ಎಂದುಕೊಳ್ಳಬೇಡ. ನಿನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಊರೆಲ್ಲ ಸುತ್ತಿಸಿದವನು ನಾನು.

ನಿನ್ನ
ಮಾಮ

&nbsp;

ಫೆಬ್ರವರಿ ೧೧

ಅಪ್ಪ,

ಈ ಕಾಗದವನ್ನು ಅಂಗಡಿಯಲ್ಲಿ ಓದಿ. ಮನೆಯಲ್ಲಿ ಓದಿದರೆ ಅಮ್ಮ ನಿಮ್ಮ ಮುಖ ನೋಡುತ್ತಾಳೆ.

ನಾನು ಪ್ರಾಕ್ಟಿಕಲ್ ಎಂದದ್ದು ಕೆಲಸ. ಊರ ಹೊರಗೆ ತಗಡಿನ ದೊಡ್ಡ ಗೋದಾಮಿದೆ. ಜನ ತರಿಸಿಕೊಂಡು, ಹಾಕಿ ನೋಡಿ, ಬೇಡವೆಂದು ವಾಪಸ್ ಕಳಿಸಿದ ಬಟ್ಟೆಗಳೆಲ್ಲ ಅಲ್ಲಿಗೆ ಬರುತ್ತವೆ. ನಾನು ಚೀಲ ಬಿಚ್ಚುತ್ತೇನೆ, ಕಂಕುಳು ಮೂಸುತ್ತೇನೆ, ಕಾಲರ್ ತಿರುಗಿಸಿ ಮೇಕಪ್ಪಿನ ಕಲೆ ಇದೆಯೇ ನೋಡುತ್ತೇನೆ, ಹೊಸದರ ಹಾಗೆ ಮಡಚಿ ಹೊಸ ಚೀಲಕ್ಕೆ ಹಾಕುತ್ತೇನೆ. ನಿಂತೇ ಮಾಡುವ ಕೆಲಸ. ನಮ್ಮ ವಿಭಾಗದ ಹೆಸರೇ ವಾಪಸಾತಿ. ಡಾಕ್ಟರಮ್ಮ ಪಕ್ಕದ ಸಾಲಿನಲ್ಲಿ ಪೆಟ್ಟಿಗೆ ಅಂಟಿಸುತ್ತಾಳೆ, ನಮ್ಮೆಲ್ಲರ ಭುಜಕ್ಕೆ ಏನಾಗುತ್ತಿದೆ ಎಂದು ವಿವರಿಸುತ್ತಾಳೆ, ಅವಳ ಓದಿನ ಉಪಯೋಗ ಅಷ್ಟೇ. ವಕೀಲೆ ಒಂದು ಹೋಟೆಲಿನಲ್ಲಿ ಹಾಸಿಗೆ ಬದಲಿಸುತ್ತಾಳೆ.

ಕೆಲಸದಲ್ಲಿ ಸುತ್ತಲೂ ನೋಡಿದರೆ ಎಲ್ಲರೂ ವಿದ್ಯಾರ್ಥಿಗಳೇ. ಕಾಲೇಜಿನಲ್ಲಿ ಸುತ್ತಲೂ ನೋಡಿದರೆ ಎಲ್ಲರೂ ಕೆಲಸಗಾರರೇ, ಅರ್ಧ ತರಗತಿ ನಿದ್ದೆ ಮಾಡುತ್ತಿರುತ್ತದೆ. ಮೇಷ್ಟ್ರು ದನಿ ತಗ್ಗಿಸಿ ಪಾಠ ಮಾಡುತ್ತಾರೆ. ಒಳ್ಳೆಯವರು. ಇಲ್ಲಿ ದುಡಿಯಲು ಬರುತ್ತೇನೆ ಎಂದರೆ ನನ್ನಂಥವಳಿಗೆ ಬಾಗಿಲು ತೆರೆಯುವುದಿಲ್ಲ, ಓದಲು ಬರುತ್ತೇನೆ ಎಂದರೆ ತೆರೆಯುತ್ತದೆ. ಈ ಕೋರ್ಸ್ ಮುಗಿದರೆ ಇನ್ನೊಂದಕ್ಕೆ ಸೇರುವುದು, ಅದು ಮುಗಿಯುವಷ್ಟರಲ್ಲಿ ಯಾರಾದರೂ ಖಾಯಂ ಕೆಲಸ ಕೊಟ್ಟರೆ ಉಳಿಯುವುದು. ಎಲ್ಲರ ಲೆಕ್ಕಾಚಾರವೂ ಇದೇ, ನನ್ನದೂ ಇದೇ.

ಮೊದಲ ದಿನ ತರಗತಿಯಲ್ಲಿ ಎಲ್ಲರೂ ಎದ್ದು ನಿಂತು, ಓದು ಮುಗಿದ ಮೇಲೆ ಏನು ಮಾಡುತ್ತೀರಿ ಎಂಬುದಕ್ಕೆ ಉತ್ತರ ಹೇಳಬೇಕಿತ್ತು. ಒಬ್ಬ ಊರಿಗೆ ಹೋಗಿ ಅಪ್ಪನ ಮುದ್ರಣಾಲಯ ನಡೆಸುತ್ತಾನಂತೆ. ಇನ್ನೊಬ್ಬಳು ಅಮ್ಮನ ಶಾಲೆ. ಮತ್ತೊಬ್ಬ ಚಿಕ್ಕಪ್ಪನ ಲಾರಿಗಳು. ನಾನೂ ಎದ್ದು ನಿಂತು ನಿಮ್ಮ ಅಂಗಡಿ, ಮೂರು ಶಾಖೆ ಎಂದೆಲ್ಲ ಹೇಳಿದೆ. ನಿಮಗೆ ಹೇಳಿದಷ್ಟೇ ಚೆನ್ನಾಗಿ. ಆಮೇಲೆ ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕೆಂದರು, ಇಡೀ ತರಗತಿ ನಕ್ಕಿತು, ನಾನೂ ನಕ್ಕೆ. ನಮ್ಮೆಲ್ಲರ ಮನೆಯಲ್ಲೂ ಒಂದೊಂದು ಮೇಜು ನಡುಮನೆಗೆ ಬಂದಿತ್ತು ಎಂದು ಆಗ ತಿಳಿಯಿತು. ಅದರ ಮರುದಿನವೇ ನಿಮ್ಮ ಕಾಗದ ಬಂತು, ಕುರ್ಚಿ ಇಟ್ಟಿದ್ದೇನೆ ಎಂದು.

ನನಗೆ ಅಂಗಡಿ ನಡೆಸುವ ಆಸೆ ಇರಲಿಲ್ಲ ಅಪ್ಪ. ಮುಂಚೆಯೂ ಇರಲಿಲ್ಲ. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತ ಆ ವರ್ಷಗಳಲ್ಲಿ ಯಾರಾದರೂ ‘ಏನ್ ಮಾಡ್ತಿದೀಯಮ್ಮ’ ಎಂದರೆ ‘ಯಾವುದೋ ಪರೀಕ್ಷೆಗೆ ಓದ್ತಿದೀನಿ’ ಎನ್ನುತ್ತಿದ್ದೆ. ಆಗ ಆ ಮಾತು ಹೇಳಲು ನಾಚಿಕೆಯಾಗುತ್ತಿತ್ತು. ಇಲ್ಲೂ ಅದೇ ಮಾತು ಹೇಳುತ್ತಿದ್ದೇನೆ, ಆದರೆ ದುಡಿಯುತ್ತಿದ್ದೇನೆ. ಸಂಜೆ ಬಸ್ಸಿನಲ್ಲಿ ಕಾಲು ನೋಯುತ್ತಿರುವಾಗ ಒಂದು ಬಗೆಯ ಸಮಾಧಾನ ಇರುತ್ತದೆ. ಅದನ್ನು ನಿಮಗೆ ಹೇಗೆ ಹೇಳುವುದೋ ತಿಳಿಯದೆ ಇಷ್ಟು ತಿಂಗಳು ಕಳೆದೆ.

ನೀವು ನಂಬಿದ್ದು ನಿಮ್ಮ ತಪ್ಪಲ್ಲ. ನಂಬುವ ಹಾಗೆ ಹೇಳುವುದನ್ನು ಅಷ್ಟು ಕಷ್ಟಪಟ್ಟು ಕಲಿಸಿದವರು ನೀವೇ ಅಲ್ಲವೇ.

ಕೆಲವೊಮ್ಮೆ ಹೊಲಿಗೆ ತಪ್ಪಿದ ಬಟ್ಟೆ ಬರುತ್ತದೆ. ನನ್ನ ಕೈ ತಾನಾಗಿ ನಿಲ್ಲುತ್ತದೆ. ‘ಕೊಕ್ಕೆ ಹಿಂದೆ ಬಿದ್ದಿದೆ, ಸೂಜಿ ಕೆಳಗೆ ಬಂದಾಗ ನೂಲು ಹಿಡೀತಿಲ್ಲ’ ಎಂದು ನಿಮ್ಮ ದನಿಯೇ ಒಳಗೆ ಹೇಳುತ್ತದೆ. ಆ ಬಟ್ಟೆಯನ್ನು ಕಸದ ಗಾಡಿಗೆ ಹಾಕಿ ಮುಂದಿನದನ್ನು ಎತ್ತಿಕೊಳ್ಳುತ್ತೇನೆ.

ಮಾಮನನ್ನು ಹೋಗಲು ಬಿಡಬೇಡಿ. ಕುರ್ಚಿ ಅವನಿಗೆ ಕೊಡಿ. ನನಗೆ ಭಯವಾಗುತ್ತಿದೆ, ನೀವು ಇನ್ನು ಬರೆಯುವುದಿಲ್ಲವೇನೋ ಎಂದು.

ಬಾಬಿನ್

&nbsp;

ಮಾರ್ಚ್ ೧೪

ಮಗಳೇ,

ನನಗೆ ಪೂರ್ತಿ ಕಾಗದ ಬರೆದು ರೂಢಿಯಿಲ್ಲ. ಇವರ ಕಾಗದದ ತುದಿಯಲ್ಲಿ ಮಿಕ್ಕ ಜಾಗದಲ್ಲಿ ಬರೆದೇ ಅಭ್ಯಾಸ. ಈ ಸಲ ಇವರು ಬರೆಯಲಿಲ್ಲ, ಹಾಗಾಗಿ ಇಡೀ ಹಾಳೆ ನನಗೇ ಬಂತು.

ನಿನ್ನ ಕಾಗದ ಬಂದ ದಿನ ಮಧ್ಯಾಹ್ನವೇ ಮನೆಗೆ ಬಂದರು. ಜ್ವರವಾ ಎಂದೆ. ಇಲ್ಲ ಎಂದರು. ಅಂಗಿಯ ಜೇಬಿನಲ್ಲಿದ್ದದ್ದನ್ನು ಕೊಟ್ಟು ಹಿತ್ತಲಿಗೆ ಹೋದರು. ಓದಿದೆ. ಆಮೇಲೆ ಕೆಲವು ದಿನ ಅನ್ನ ಬಡಿಸಿದರೆ ಸಾಕು ಎನ್ನಲೂ ಕೈಯಾಡಿಸುವುದು, ಅಷ್ಟೇ. ಬೋರ್ಡಿನವನು ಸೀಮೆಸುಣ್ಣದಲ್ಲಿ ಅಕ್ಷರ ಗುರುತು ಮಾಡಿಕೊಂಡು ತೋರಿಸಲು ಬಂದಿದ್ದ. ‘ಅಳಿಸಿಬಿಡು’ ಎಂದರು. ಅವನು ಬಟ್ಟೆ ತೆಗೆದುಕೊಂಡಾಗ ‘ಈಗ ಬೇಡ, ಒಳಗೆ ಇಟ್ಟು ಹೋಗು’ ಎಂದರು.

ನಿನ್ನ ಮಾಮ ಹೊರಡುವ ದಿನ ಬೆಳಗ್ಗೆ ಇವರು ಹೇಳದೆ ಕೇಳದೆ ಬಸ್ ನಿಲ್ದಾಣಕ್ಕೆ ಹೋಗಿದ್ದಾರೆ. ಅವನು ಸೀಟಿನಲ್ಲಿ ಕೂತಾಗಿತ್ತಂತೆ. ಮೇಲಿಟ್ಟಿದ್ದ ಅವನ ಚೀಲ ಇಳಿಸಿಕೊಂಡು ನಡೆದೇಬಿಟ್ಟರಂತೆ. ಅವನು ‘ಭಾವ, ಅದ್ರಲ್ಲಿ ನನ್ನ ಬನಿಯನ್ ಇದೆ’ ಎಂದು ಕೂಗುತ್ತಾ ಹಿಂದೆ. ಅಂಗಡಿಗೆ ಬಂದು ಚೀಲ ಇಳಿಸಿ, ‘ನಾಳೆಯಿಂದ ನೀನೇ ಬೀಗ ತೆಗಿ’ ಎಂದರಂತೆ. ಅವನಿಗೆ ಅಳು ಬಂತು, ನಕ್ಕು ಮುಚ್ಚಿಕೊಂಡ. ಅವನ ಸ್ವಭಾವ ಗೊತ್ತಲ್ಲ.

ಕುರ್ಚಿ ಮಾತ್ರ ಅವನಿಗೆ ಕೊಡಲಿಲ್ಲ. ಹೆಗಲ ಮೇಲೆ ಹೊತ್ತು ಮನೆಗೆ ತಂದರು. ದಾರಿಯಲ್ಲಿ ಕೇಳಿದವರಿಗೆಲ್ಲ ‘ರಿಪೇರಿಗೆ’ ಎಂದರಂತೆ. ಮೇಜಿನ ಈಚೆ, ನೀನು ಕೂರುತ್ತಿದ್ದ ಕಡೆ ಇಟ್ಟಿದ್ದಾರೆ.

ನನಗೆ ಮೊದಲೇ ಗೊತ್ತಿತ್ತಾ ಎಂದು ನೀನು ಕೇಳಬೇಡ. ಗೊತ್ತಿತ್ತು ಎಂದರೆ ಅವರಿಗೆ ನೋವು, ಗೊತ್ತಿರಲಿಲ್ಲ ಎಂದರೆ ನಿನಗೆ. ನಿಂತು ನಿಂತು ಕಾಲು ಊದಿದರೆ ಬಿಸಿನೀರಿನಲ್ಲಿ ಇಟ್ಟುಕೋ.

ಅಮ್ಮ

&nbsp;

ಏಪ್ರಿಲ್ ೨೦

ಬಾಬಿನ್,

ಬರೆಯಬಾರದು ಎಂದು ಕೂತವನಲ್ಲ. ಏನು ಬರೆಯಬೇಕೆಂದು ತಿಳಿಯದೆ ಕೂತಿದ್ದೆ. ಕೋಪ ಬಂತು, ಸುಳ್ಳು ಯಾಕೆ. ಆಮೇಲೆ ಯಾರ ಮೇಲೆ ಎಂದು ಹುಡುಕಿದರೆ ನೀನು ಸಿಗಲಿಲ್ಲ. ಆ ಕನ್ಸಲ್ಟೆಂಟ್ ಸಿಕ್ಕ, ಆದರೆ ಅವನ ಮಾತನ್ನು ತಂದು ನಡುಮನೆಯಲ್ಲಿ ಕೂರಿಸಿದವನು ನಾನು.

ನಾನು ಅಧಿಕಾರಿಯಾಗಿ ಕೂತಾಗ ಒಂದು ಗಮನಿಸಿದ್ದೆ. ‘ಗೊತ್ತಿಲ್ಲ’ ಎಂದ ದಿನ ನೀನು ನನ್ನ ಮುಖ ನೋಡಿ ಹೇಳಿದ್ದೆ. ‘ಬರ್ತೀನಿ’ ಎನ್ನುವಾಗ ಮೇಜು ನೋಡುತ್ತಿದ್ದೆ. ‘ಮುಖ ನೋಡಿ ಹೇಳು’ ಎಂದು ಗದರಿ ಅದನ್ನೂ ತಿದ್ದಿದೆ. ತಿದ್ದಿದ ಮೇಲೆ ನಾನೇ ಮೋಸ ಹೋದೆ.

ಅಂಗಡಿ ನಡೆಯುತ್ತಿದೆ. ನಿನ್ನ ಮಾಮ ಗಿರಾಕಿಗಳನ್ನು ನಗಿಸುತ್ತಾನೆ, ಮೆಷಿನ್ನನ್ನೂ ಸರಿಮಾಡುತ್ತಾನೆ. ಆ ಟೈಲರಮ್ಮನ ನೂಲು ಕಡಿಯುವುದು ನಿಂತಿದೆ. ನಾನು ಪಕ್ಕದಲ್ಲಿ ಕೂತು ತಪ್ಪು ಹುಡುಕುತ್ತೇನೆ, ಅದಕ್ಕೆ ಕೈ ನಡುಗಿದರೂ ತೊಂದರೆಯಿಲ್ಲ.

ಈಗ ಇನ್ನೊಂದು ಸಂದರ್ಶನ. ತಾಲೀಮು ಬೇಡ. ಯಾರನ್ನೂ ಕೇಳಿ ಉತ್ತರ ಬರೆಯಬೇಡ.

ಒಂದು: ಆ ಕೆಲಸದಲ್ಲಿ ಸ್ವಲ್ಪ ಹೊತ್ತಾದರೂ ಕೂರಲು ಬಿಡುತ್ತಾರಾ?

ಎರಡು: ನಿನಗೆ ಅಲ್ಲಿ ಯಾವುದು ಇಷ್ಟ?

ಮೂರು: ಓದು ಮುಗಿದ ಮೇಲೆ ವಾಪಸ್ ಬರ್ತೀಯಾ?

ಅಪ್ಪ

(ನಾಲ್ಕು: ಊಟ ಸರಿಯಾಗಿ ಮಾಡುತ್ತೀಯಾ? ಇದಕ್ಕೆ ಮೊದಲು ಉತ್ತರ ಬೇಕು. – ಅಮ್ಮ)

&nbsp;

ಮೇ ೧೭

ಅಪ್ಪ,

ನಾಲ್ಕನೆಯದಕ್ಕೆ ಮೊದಲು: ಮಾಡುತ್ತೇನೆ. ವಕೀಲೆ ಅಡುಗೆ ಮಾಡುತ್ತಾಳೆ, ಉಪ್ಪು ಹೆಚ್ಚು ಎಂದರೆ ವಾದಕ್ಕೆ ನಿಲ್ಲುತ್ತಾಳೆ.

ಒಂದು: ಬಿಡುವುದಿಲ್ಲ. ಊಟದ ಹೊತ್ತಿನಲ್ಲಿ ಕೂರುತ್ತೇವೆ. ಖಾಲಿ ಪೆಟ್ಟಿಗೆಗಳ ಮೇಲೆ, ಸಾಲಾಗಿ.

ಎರಡು: ಇದಕ್ಕೆ ಬಹಳ ಯೋಚಿಸಿದೆ. ಬೆಳಗಿನ ಬಸ್ಸಿನಲ್ಲಿ ನನ್ನದೇ ದುಡ್ಡಿನಲ್ಲಿ ಟಿಕೆಟ್ ತೆಗೆದುಕೊಂಡು ಕಿಟಕಿ ಪಕ್ಕ ಕೂರುವುದು ಇಷ್ಟ. ಹೊರಗೆ ನೋಡಿಕೊಂಡು ಹೋಗುತ್ತೇನೆ. ಯಾರೂ ನನ್ನನ್ನು ಏನು ಮಾಡುತ್ತಿದ್ದೀಯ ಎಂದು ಕೇಳುವುದಿಲ್ಲ. ಈಚೆಗೆ ಒಂದು ಚಿಕ್ಕ ಬದಲಾವಣೆಯೂ ಆಗಿದೆ. ಹೊಲಿಗೆ ತಪ್ಪಿದ ಒಂದು ಕೋಟನ್ನು ಕಸಕ್ಕೆ ಹಾಕದೆ ಮೇಲ್ವಿಚಾರಕಿಗೆ ತೋರಿಸಿ, ಇದನ್ನು ಸರಿಮಾಡಬಹುದು ಎಂದೆ. ‘ಮಾಡಿ ತೋರಿಸು’ ಎಂದಳು. ಮಾಡಿ ತೋರಿಸಿದೆ. ಈಗ ವಾರಕ್ಕೊಂದು ದಿನ ನನಗೊಂದು ಹೊಲಿಗೆ ಮೆಷಿನ್ ಕೊಡುತ್ತಾರೆ. ಅದು ನೂಲು ಕಡಿಯುತ್ತಿತ್ತು, ನಾನೇ ಬಿಚ್ಚಿ ಜೋಡಿಸಿದೆ. ಇದರಿಂದ ಏನೋ ಆಗಿಬಿಡುತ್ತದೆ ಎಂದು ದಯವಿಟ್ಟು ಬೋರ್ಡಿನವನನ್ನು ಕರೆಯಬೇಡಿ.

ಮೂರು: ಗೊತ್ತಿಲ್ಲ.

ಬರುವುದಿಲ್ಲ ಎಂದು ಬರೆದು ಹೊಡೆದುಹಾಕಿದೆ. ಬರುತ್ತೇನೆ ಎಂದು ಬರೆದೂ ಹೊಡೆದುಹಾಕಿದೆ. ಬೇರೆ ಹಾಳೆ ತೆಗೆದುಕೊಂಡು ಇದನ್ನು ಬರೆದೆ. ನಿಜವಾಗಿಯೂ ಗೊತ್ತಿಲ್ಲ ಅಪ್ಪ, ನಿಮ್ಮ ಮುಖ ನೋಡಿಯೇ ಹೇಳುತ್ತಿದ್ದೇನೆ ಎಂದುಕೊಳ್ಳಿ.

ಎದ್ದು ಹೋಗಿ ಮತ್ತೆ ಬರಬೇಕಾ?

ನಿಮ್ಮ
ಬಾಬಿನ್

&nbsp;

ಜೂನ್ ೯

ಮಗಳೇ,

ಬೇಡ. ಕೂತ್ಕೋ.

ಅಪ್ಪ